ಸೊನ್ನೆ ಬರೆದ ದಿನಗಳು

2024ರ ಅಕ್ಟೋಬರ್ 13, ಭಾನುವಾರ, ಬೆಳಿಗ್ಗೆ ಎಂಟೂವರೆ. ಮಾಲತಿ ಪ್ರೌಢಶಾಲೆಯ ಗೇಟಿನ ಬೀಗ ತೆಗೆದು ಒಳಗೆ ಹೋದಳು. ಅಂಗಳದ ಮೂಲೆಯಲ್ಲಿ ತಂತಿ ಬೇಲಿಯ ನಡುವೆ ನಿಂತಿದ್ದ ಮಳೆ ಮಾಪಕದ ಆಲಿಕೆಯನ್ನೆತ್ತಿ ಒಳಗಿನ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಒಂದು ಸತ್ತ ಇರುವೆ ಬಿಟ್ಟರೆ ಏನೂ ಇರಲಿಲ್ಲ. ರಿಜಿಸ್ಟರಿನಲ್ಲಿ 0.0 ಎಂದು ಬರೆದು ಸಹಿ ಹಾಕಿದಳು. ಆಮೇಲೆ, ಎಂದೂ ಮಾಡದ ಒಂದು ಕೆಲಸ ಮಾಡಿದಳು. ಬೀರುವಿನಿಂದ ಹಳೆಯ ರಿಜಿಸ್ಟರುಗಳನ್ನೆಲ್ಲ ತೆಗೆದು ಚೀಲಕ್ಕೆ ತುಂಬಿಕೊಂಡು ಮನೆಗೆ ಹೊರಟಳು. ತರಲು ಹೇಳಿದ್ದವನು ಅವಳ ಮಾವ ಪಾತಣ್ಣ.

ದೇವಸಮುದ್ರದಿಂದ ಮೂರು ಕಿಲೋಮೀಟರ್ ಆಚೆಗಿದ್ದ ಆ ಶಾಲೆಗೆ ಅವಳು ಅತಿಥಿ ಶಿಕ್ಷಕಿಯಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ವಿಜ್ಞಾನ ಓದಿದವಳೆಂದು ಮಳೆ ಅಳೆಯುವ ಕೆಲಸವನ್ನೂ ಅವಳಿಗೇ ಒಪ್ಪಿಸಿದ್ದರು. ಅವಳಿಗಿಂತ ಮುಂಚೆ ಇಪ್ಪತ್ತಮೂರು ವರ್ಷ ಅಳೆದವನು ಜವಾನ ದಾಸಣ್ಣ. ಮೇ ತಿಂಗಳಲ್ಲಿ ನಿವೃತ್ತನಾಗಿದ್ದ. ಮಾಲತಿ ರಜೆಯಲ್ಲೂ ತಪ್ಪದೆ ದೇವಸಮುದ್ರದ ತಮ್ಮ ಹಟ್ಟಿಯಿಂದ ನಡೆದು ಹೋಗಿ ಅಳೆದು ಬರುತ್ತಿದ್ದಳು. ಬಂದ ಕೂಡಲೇ ಪಾತಣ್ಣ ಎಷ್ಟು ಬಿತ್ತೆಂದು ಕೇಳುತ್ತಿದ್ದ. ಆಮೇಲೆ ಚಹದಂಗಡಿಯಲ್ಲಿ ಆ ಅಂಕಿಯನ್ನು ದಶಾಂಶದ ಸಮೇತ ಹೇಳುತ್ತಿದ್ದ. ಹಟ್ಟಿಯಲ್ಲಿ ಬೇರೆ ಯಾರ ಸೊಸೆಯೂ ಮಳೆಯನ್ನು ಬಾಟಲಿಯಲ್ಲಿ ಹಿಡಿದವಳಲ್ಲ.

ಅವತ್ತು ಮನೆಯಲ್ಲಿ ತೀರ್ಮಾನವಾಗಬೇಕಿದ್ದದ್ದು ಒಂದೇ. ಕುರಿಗಳಿಗೆ ಈಗಲೇ ಕತ್ತರಿ ಹಾಕಿಸುವುದೋ, ದೀಪಾವಳಿ ಕಳೆಯಲೆಂದು ಕಾಯುವುದೋ. ಉಣ್ಣೆ ಕತ್ತರಿಸುವ ಕಾಮಣ್ಣನ ತಂಡ ಬರುವ ಬುಧವಾರ, ಗುರುವಾರ ಹಟ್ಟಿಯಲ್ಲಿರುವುದಿತ್ತು. ಅದು ಬಿಟ್ಟರೆ ಅವರು ರಾಯದುರ್ಗದ ಕಡೆಗೆ ಹೋಗಿ ಇನ್ನೊಂದು ತಿಂಗಳು ಈ ಕಡೆ ತಲೆ ಹಾಕುವವರಲ್ಲ. ಅಷ್ಟರಲ್ಲಿ ಚಳಿ ಹಿಡಿಯುತ್ತದೆ, ಮಂದೆ ಆಂಧ್ರದ ಕಡೆ ವಲಸೆ ಹೊರಡುವ ಹೊತ್ತಾಗುತ್ತದೆ. ಈಗ ಕತ್ತರಿಸಿದರೆ ಚಳಿಗೆ ಮುಂಚೆ ಒಂದಿಷ್ಟು ಉಣ್ಣೆ ಚಿಗುರುತ್ತದೆ. ಆದರೆ ಬೋಳಿಸಿದ ಮೈ ಮೇಲೆ ದೊಡ್ಡ ಮಳೆ ಹೊಯ್ದರೆ ಕುರಿ ತಡೆಯುವುದಿಲ್ಲ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರಿನ ಮುಂದೆ ಮಾತು ಶುರುವಾಯಿತು. ಮಾಲತಿಯ ಗಂಡ ಈರೇಶ್ ಚಳ್ಳಕೆರೆಗೆ ಲಗೇಜ್ ಆಟೊ ಓಡಿಸುವವನು. ಕೆಲಸ ಮುಗಿಸಿಬಿಡೋಣ ಎಂಬುದು ಅವನ ಮಾತು. ಮದುವೆಯಾಗದ ತಮ್ಮ ಮಾರುತೇಶ ಅಪ್ಪನ ಜೊತೆ ಮಂದೆಯ ಹಿಂದೆಯೇ ಬೆಳೆದವನು, ಕಾಯೋಣ ಎಂದ. ಈರೇಶ್ ಫೋನ್ ತೆಗೆದು ತೋರಿಸಿದ. ಸಾಧಾರಣ ಮಳೆಯ ಸಂಭವ ಎಂದಿತ್ತು. ಜೂನ್‌ನಿಂದ ದಿನಾ ಅದನ್ನೇ ಹೇಳುತ್ತಿದ್ದುದರಿಂದ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಚಿತ್ತೆ ಮಳೆ ಕಾಲಿಟ್ಟು ಮೂರು ದಿನ ಆಗೈತೆ," ಎಂದ ಪಾತಣ್ಣ. "ಅದನ್ನ ನಂಬಂಗಿಲ್ಲ. ನಾನು ಕಂಡಂಗೆ ಬಾಳ ಸಲ ಹುಯ್ದೈತೆ. ನಿನ್ನ ಪುಸ್ತಕ ಏನಂತೈತೆ ನೋಡವ್ವ."

ಮಾಲತಿ ಚಿತ್ತೆ ಮುಗಿಯಲು ಉಳಿದ ಹನ್ನೊಂದು ದಿನಗಳನ್ನು ಒಂದೊಂದೇ ವರ್ಷದ ಪುಟ ತಿರುವಿ ಕಾಗದದ ಮೇಲೆ ಗುರುತು ಹಾಕಿಕೊಂಡಳು. ಅವಳಿಗೆ ಆ ಕೆಲಸ ಇಷ್ಟ. ಎರಡೆರಡು ಸಲ ಎಣಿಸಿದಳು. ಹತ್ತು ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದದ್ದು ಮೂರೇ ವರ್ಷ: 2006, 2009, 2017. ಉಳಿದ ಇಪ್ಪತ್ತು ವರ್ಷ ಸಾಲು ಸಾಲು ಸೊನ್ನೆ.

"ಇಪ್ಪತ್ಮೂರು ವರ್ಷದಾಗೆ ಮೂರೇ ಸಲ ಮಾವ. ಉಳಿದಿದ್ದೆಲ್ಲ ಒಣಗೇ ಐತೆ."

"ಈರೇಶ ಏಳನೇ ಕ್ಲಾಸಿಗೆ ಹೋಗ್ತಿದ್ದಾಗ ಹಳ್ಳ ಬಂದು ನಾನು ಮಂದೆ ಕಟ್ಕೊಂಡು ಎರಡು ದಿನ ಆಚೆ ದಡದಾಗೆ ಕುಂತಿದ್ನಲ್ಲ. ಅದು ಚಿತ್ತೇಲೆ."

ಅವಳು ಲೆಕ್ಕ ಹಾಕಿ 2003ರ ಪುಟ ತೆಗೆದಳು. ಅಲ್ಲಿಯೂ ಎರಡು ವಾರ ಸೊನ್ನೆಗಳೇ ಇದ್ದವು. "ಆ ತಿಂಗಳು ಸೊನ್ನೆ ಐತೆ ಮಾವ. ಬ್ಯಾರೆ ತಿಂಗಳಿರಬೋದು," ಎಂದಳು, ನೋಯದ ಹಾಗೆ.

ಪಾತಣ್ಣನಿಗೆ ಓದು ಬರುತ್ತಿರಲಿಲ್ಲ. ಅಂಕಿ ಗೊತ್ತಿತ್ತು. ಪುಟವನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಒಂದೊಂದೇ ಸೊನ್ನೆ ನೋಡಿದ. ಬಾಗಿಲಲ್ಲಿ ಕುಳಿತಿದ್ದ ಅತ್ತೆ ಸೂರಮ್ಮ, ಮೋಡಕ್ಕೆ ಓದಾಕೆ ಬತ್ತೈತೇನು ಎಂದು ಕೇಳಿದಳು. ಎಲ್ಲರೂ ನಕ್ಕರು, ಮಾರುತೇಶನೂ ನಕ್ಕ. ಪಾತಣ್ಣ ಮಾತ್ರ ನಗಲಿಲ್ಲ.

"ಹಂಗಾದ್ರೆ ನಂದೇ ಮರೆವು," ಎಂದ. "ಕಾಮಣ್ಣಂಗೆ ಫೋನ್ ಹಚ್ಚು."

ಬುಧವಾರ ಕಾಮಣ್ಣನ ಆರು ಜನ ಬಂದರು. ಸೂರಮ್ಮ, ಮಾಲತಿ ಸೇರಿ ಎರಡು ದಿನ ಅವರಿಗೆ ಅನ್ನ, ಕೋಳಿ ಸಾರು ಮಾಡಿ ಬಡಿಸಿದರು. ಕಾಮಣ್ಣ ಅರ್ಧ ತೆಲುಗಿನಲ್ಲಿ ಮಾತಾಡುವವನು. ಏಮಿ ಪಾತಣ್ಣ, ಈ ಸಲ ಕುರಿಗಿಂತ ಉಣ್ಣೆಯೇ ದಪ್ಪಗಿದೆಯಲ್ಲ ಎಂದು ರೇಗಿಸುತ್ತ ಕಾಲು ಕಟ್ಟಿ ಮಲಗಿಸಿದ ಕುರಿಗಳ ಮೇಲೆ ಕತ್ತರಿ ಆಡಿಸಿದ. ನೂರ ಹದಿನೆಂಟರಲ್ಲಿ ಇಪ್ಪತ್ತಾರು ಮರಿಗಳನ್ನು ರೂಢಿಯಂತೆ ಬಿಟ್ಟು ತೊಂಬತ್ತೆರಡನ್ನು ಬೋಳಿಸಿದರು. ಎದ್ದು ನಿಂತ ಕುರಿಗಳು ಅರ್ಧಕ್ಕೆ ಇಳಿದಂತೆ ಕಾಣುತ್ತಿದ್ದವು. ಕೆಲವು ಮರಿಗಳು ತಾಯಿಯ ಗುರುತೇ ಸಿಗದೆ ಅರಚಾಡಿದವು. ಉಣ್ಣೆಯನ್ನು ಚೀಲಕ್ಕೆ ತುಂಬಿ ನಡುಮನೆಯಲ್ಲಿ ಸೂರಿನವರೆಗೆ ಒಟ್ಟಿದರು. ಗುರುವಾರ ಸಂಜೆ ಆಕಾಶ ನಿಚ್ಚಳವಾಗಿತ್ತು.

ಶನಿವಾರ ಸಂಜೆ ನಾಲ್ಕು ಗಂಟೆಗೆ ಮೂಡಲ ಗಾಳಿ ಎದ್ದಿತು. ಬೆನ್ನಿಗೇ ಸಣ್ಣಗೆ, ಹದವಾಗಿ ಶುರುವಾದ ಮಳೆ ಐದರ ಹೊತ್ತಿಗೆ ಜೋರಾಯಿತು. ಮಾರುತೇಶ ಗುಡ್ಡದ ತಪ್ಪಲಿನಿಂದ ಮಂದೆಯನ್ನು ಓಡಿಸಿಕೊಂಡು ಬಂದಾಗ ಕುರಿಗಳು ನಡುಗುತ್ತಿದ್ದವು. ಕುರಿ ಕೂಡುವ, ಜಾಲಿ ಮುಳ್ಳಿನ ಬೇಲಿಯ ರೊಪ್ಪಕ್ಕೆ ಮಾಡು ಎಂಬುದೇ ಇರಲಿಲ್ಲ. ಆ ಸೀಮೆಯಲ್ಲಿ ಯಾರ ರೊಪ್ಪಕ್ಕೂ ಇಲ್ಲ. ಈರೇಶ್ ಆಟೊದ ಟಾರ್ಪಾಲು ಬಿಚ್ಚಿ ತಂದ. ಮಾಲತಿ ಗೋಣಿಚೀಲ, ಕಂಬಳಿ, ತನ್ನ ಎರಡು ಹಳೆಯ ಸೀರೆಗಳನ್ನು ಹೊತ್ತು ತಂದಳು. ಮರಿಗಳನ್ನೂ ಹದಿನೈದು ಗಬ್ಬದ ಕುರಿಗಳನ್ನೂ ಮನೆಯೊಳಗೆ ತುಂಬಿದರು. ಉಣ್ಣೆಯ ಚೀಲಗಳು ಜಾಗ ತಿಂದಿದ್ದರಿಂದ ಅದಕ್ಕಿಂತ ಹೆಚ್ಚು ಹಿಡಿಸಲಿಲ್ಲ. ಚೀಲಗಳನ್ನು ಮಳೆಗೆ ಎಸೆಯೋಣವೆಂದು ಮಾರುತೇಶ ಕೂಗಿ, ಎಸೆದು, ಇನ್ನೆಂಟು ಕುರಿಗಳನ್ನು ಒಳಗೆ ಎಳೆದುಕೊಂಡ. ಪಾತಣ್ಣ ರೊಪ್ಪದಲ್ಲೇ ನಿಂತ. ಚಳಿಗೆ ಕುರಿಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತಿದ್ದವು. ಅವನು ಎಳೆದು ಬಿಡಿಸಿದಷ್ಟೂ ಮತ್ತೆ ಒತ್ತಿಕೊಂಡವು. ಮಳೆ ಹಾಗೇ ಬೆಳಗಾಗುವವರೆಗೆ ಹೊಯ್ಯಿತು.

ಬೆಳಿಗ್ಗೆ ಐವತ್ತೇಳು ಕುರಿ ಸತ್ತಿದ್ದವು. ಅಡಿಯಲ್ಲಿ ಸಿಕ್ಕವು ಉಸಿರು ಕಟ್ಟಿ, ಅಂಚಿನಲ್ಲಿದ್ದವು ಸೆಟೆದು. ಮೈತುಂಬ ಉಣ್ಣೆಯಿದ್ದ ಮರಿಗಳು ಒಂದೂ ಸಾಯದೆ ಮನೆಯಿಂದ ಹೊರಗೆ ಬಂದು, ಆ ರಾಶಿಯ ಸುತ್ತ ಮೂಸುತ್ತ ಓಡಾಡಿದವು.

ಎಂಟು ಗಂಟೆ ಹತ್ತು ನಿಮಿಷಕ್ಕೆ ಮಾಲತಿ ಸೆರಗು ಹಿಂಡಿ ಶಾಲೆಯ ಕಡೆ ಹೊರಟಳು. ಅಳೆಯಲೇಬೇಕು ಎಂಬುದೊಂದೇ ಆಗ ಅವಳ ತಲೆಯಲ್ಲಿದ್ದದ್ದು. ಇಪ್ಪತ್ತು ಮಿಲಿಮೀಟರಿನ ಗಾಜಿನ ಅಳತೆಗೆ ಏಳು ಸಲ ತುಂಬಿ ಚೆಲ್ಲಿದಳು. ಎಂಟನೆಯದು ಎಂಟು ಪಾಯಿಂಟ್ ಆರಕ್ಕೆ ನಿಂತಿತು. 148.6 ಎಂದು ಬರೆದಳು. ಇಪ್ಪತ್ತಮೂರು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ಅದಕ್ಕಿಂತ ದೊಡ್ಡ ಅಂಕಿ ಇರಲಿಲ್ಲ. ಅವಳು ತಿರುಗಿ ಬಂದಾಗ ಸೂರಮ್ಮ ಅಂಗಳದಲ್ಲಿ ನಿಂತಿದ್ದಳು.

"ಸತ್ತ ಜೀವ ಇಲ್ಲಿ ಬಿದ್ದಾವೆ, ನೀನು ನೀರು ಅಳೆಯಾಕೆ ಹೋಗಿದ್ದಾ?"

ಪಾತಣ್ಣ ಅಳತೆ ಎಷ್ಟೆಂದು ಕೇಳಲಿಲ್ಲ.

ಪಶುವೈದ್ಯರು ಬಂದು ಪಟ್ಟಿ ಬರೆದುಕೊಂಡರು. ಜೆಸಿಬಿ ಹಳ್ಳದ ಮೇಲ್ಭಾಗದಲ್ಲಿ ಗುಂಡಿ ತೋಡಿತು. ಆ ವಾರವೆಲ್ಲ ಉಳಿದ ಕುರಿಗಳು ಮೂಗು ಸೋರಿಸಿಕೊಂಡು ಕೆಮ್ಮಿದವು. ಚುಚ್ಚುಮದ್ದು ಕೊಡಿಸಿದರೂ ಇನ್ನೂ ಹದಿನಾಲ್ಕು ಹೋದವು. ಮರಿಗಳಿಗೆ ಸೂರಮ್ಮ ಪ್ಯಾಕೆಟ್ ಹಾಲನ್ನು ಕಾಯಿಸಿ ಮಗುವಿನ ಬಾಟಲಿಯಲ್ಲಿ ಕುಡಿಸುತ್ತಿದ್ದಳು. ಮನೆಯವರ ಚಹಕ್ಕೆ ಹಾಲು ನಿಂತಿತು. ದೀಪಾವಳಿಗೆ ಹೋಳಿಗೆ ಮಾಡಲಿಲ್ಲ.

ಜಗಳಗಳೆಲ್ಲ ಊಟದ ಹೊತ್ತಿಗೇ ಬರುತ್ತಿದ್ದವು. ಉಳಿದ ನಲವತ್ತೇಳನ್ನೂ ಮಾರಿ ಅಪ್ಪನನ್ನು ಸುಮ್ಮನೆ ಕೂರಿಸೋಣವೆಂದು ಈರೇಶ್ ಅಂದರೆ, ಆಟೊ ಮಾರು ಮೊದಲು ಎಂದು ಮಾರುತೇಶ ತಿರುಗಿ ಬೀಳುತ್ತಿದ್ದ. ಪುಸ್ತಕ ನೋಡಿ ಕುರಿ ಸಾಕಿದವರು ಯಾರಿದ್ದಾರೆ ಎಂಬ ಮಾತು ಎರಡು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಮಾಲತಿ ತಲೆ ತಗ್ಗಿಸಿ ಬಡಿಸುತ್ತಿದ್ದಳು. ಇಪ್ಪತ್ತಮೂರರಲ್ಲಿ ಮೂರು ಎಂದರೆ ಬರುವುದೇ ಇಲ್ಲವೆಂದು ಅರ್ಥವಲ್ಲ, ನಾಲ್ಕನೆಯದು ನಮ್ಮ ಪಾಲಿಗೆ ಬಂತು ಎಂದು ಒಮ್ಮೆ ಈರೇಶನಿಗೆ ವಿವರಿಸಿದ್ದಳು. ಅದು ಸರಿಯಾದ ಲೆಕ್ಕವೇ. ಹೇಳಿದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ.

ಎಲ್ಲರಿಗಿಂತ ಬದಲಾದವನು ಪಾತಣ್ಣ. ಯಾವ ಕಡೆ ಮೇಯಿಸಲಿ ಎಂದು ಮಾರುತೇಶ ಕೇಳಿದರೆ, ನೀನೇ ನೋಡ್ಕ ಎನ್ನುತ್ತಿದ್ದ. ನಲವತ್ತೇಳೇ ಕುರಿಯನ್ನು ಸಂಜೆ ಮೂರು ಸಲ ಎಣಿಸುತ್ತಿದ್ದ. ಹಟ್ಟಿಯವರು ಬಂದು, ಇನ್ನು ಮಳೆ ಹಿಂದಾಯಿತಾ ಪಾತಣ್ಣ, ಕಡಲೆ ಹಾಕಬಹುದಾ ಎಂದು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಒಂದು ದಿನ ಊಟವಾದ ಸ್ವಲ್ಪ ಹೊತ್ತಿಗೆ, ನಾನು ಉಂಡೆನಾ ಎಂದು ಸೂರಮ್ಮನನ್ನು ಕೇಳಿದ. ಮರೆತು ಕೇಳಿದ್ದಲ್ಲ, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಂತಿತ್ತು ಅದು.

ನವೆಂಬರ್ ಎರಡನೆಯ ವಾರ, ಶಾಲೆ ಬಿಟ್ಟ ಮೇಲೆ, ಮಾಲತಿ ರಿಜಿಸ್ಟರುಗಳನ್ನು ಮತ್ತೆ ಹರಡಿಕೊಂಡಳು. ಮಳೆ ಬಂದಿದ್ದ ಆ ಮೂರು ವರ್ಷಗಳಲ್ಲಿ ಏನು ಬೇರೆಯಿತ್ತೆಂದು ನೋಡುವುದು ಅವಳ ಉದ್ದೇಶ. ಆ ಮೂರು ವರ್ಷವೂ ಸೊನ್ನೆಯ ಸಾಲು ಇಲ್ಲದೇ ಇರಲಿಲ್ಲ. ಅದು ಹಿಂದಕ್ಕೆ ಸರಿದು ಸೆಪ್ಟೆಂಬರ್ ಕೊನೆಗೆ ಬಂದಿತ್ತು, ಅಷ್ಟೆ. ಫೋನಿನಲ್ಲಿ ಹಳೆಯ ಪಂಚಾಂಗ ಹುಡುಕಿದಳು. ಮೂರು ವರ್ಷವೂ ದಸರಾ ಬೇಗ ಬಂದಿತ್ತು, ಶಾಲೆಯ ರಜೆಯೂ ಅದರ ಜೊತೆಗೇ. ಬೇಸಿಗೆ ರಜೆಯ ಪುಟ ತಿರುವಿದಳು. ಏಪ್ರಿಲ್ ಹನ್ನೊಂದರಿಂದ ಮೇ ಕೊನೆಯವರೆಗೆ, ಇಪ್ಪತ್ತಮೂರು ವರ್ಷದಲ್ಲಿ ಒಂದು ಹನಿ ಮಳೆಯೂ ಇರಲಿಲ್ಲ. ಮೇ ತಿಂಗಳ ಗಾಳಿಮಳೆಗೆ ತಗಡು ಹಾರಿಹೋದ ಮನೆಗಳನ್ನು ಅವಳೇ ಕಂಡಿದ್ದಳು.

ದಾಸಣ್ಣ ಮನೆಯ ಮುಂದೆ ಶೇಂಗಾ ಒಣಗಿಸುತ್ತಿದ್ದ. ಮೇಡಂ ಬಂದರೆಂದು ಸ್ಟೂಲು ತಂದುಕೊಟ್ಟು, ಒಂದು ಬೊಗಸೆ ಕಾಯಿ ಅವಳ ಮಡಿಲಿಗೆ ಹಾಕಿದ. ಅವಳು ಕೇಳಿದ್ದಕ್ಕೆ ಮರೆಮಾಚದೆ ಹೇಳಿದ.

"ರಜದಾಗೆ ಯಾರು ಬರ್ತಾರೆ ಮೇಡಂ? ಗೇಟು ಬೀಗ. ನಮಗೂ ಕಾಯಿ ಕೀಳೋ ಕಾಲ. ಖಾಲಿ ಬಿಟ್ರೆ ಫಾರಂ ವಾಪಸ್ ಬರ್ತಿತ್ತು. ಅದಕ್ಕೆ ಸೊನ್ನೆ ಹಾಕ್ತಿದ್ದೆ."

"ಬಾಟ್ಲಿ ತುಂಬಿದ್ರೆ?"

"ಶಾಲೆ ತೆರೆದ ದಿನ ಬೇವಿನ ಗಿಡಕ್ಕೆ ಹುಯ್ತಿದ್ದೆ. ಒಂದೊಂದು ವರ್ಷ ತುಳುಕ್ತಿತ್ತು." ಅವಳ ಮುಖ ನೋಡಿ ಅವನು ಕಾಯಿ ಕೆದಕುವುದನ್ನು ನಿಲ್ಲಿಸಿದ. "ಯಾಕೆ ಮೇಡಂ, ಅದನ್ನ ಯಾರಾದ್ರೂ ನೋಡ್ತಾರಾ?"

ಆ ಸಂಜೆ ಅವಳು ಈರೇಶನಿಗೆ ಎಲ್ಲ ಹೇಳಿದಳು. ಅವನು ಆಟೊದ ಕನ್ನಡಿ ಒರೆಸುತ್ತ ಕೇಳಿಸಿಕೊಂಡ. ಕೊನೆಗೆ, ಮಳೆಯ ತಪ್ಪು ಎಂದುಕೊಂಡು ಎಲ್ಲರೂ ಈಗಷ್ಟೇ ಸುಮ್ಮನಾಗುತ್ತಿದ್ದಾರೆ, ಹೇಳಿದರೆ ಮಾರುತೇಶ ಮನೆಯಲ್ಲಿ ನಿಲ್ಲುವುದಿಲ್ಲ, ಅವ್ವ ಬದುಕಿರುವ ತನಕ ನಿನ್ನನ್ನು ಅಂದಾಡುತ್ತಾಳೆ, ಯಾರಿಗೂ ಗೊತ್ತಾಗುವಂಥದ್ದಲ್ಲ ಬಿಡು ಎಂದ. ಅವಳೂ ಬಿಟ್ಟಳು. ಒಂಬತ್ತು ದಿನ ಬಿಟ್ಟಿದ್ದಳು.

ಹತ್ತನೆಯ ದಿನ ಭಾನುವಾರ. ಅವಳು ಸಂತೆಗೆ ಹೊರಟಾಗ ಪಾತಣ್ಣ ಹಿಂದೆಯೇ ಬೇಲಿಯವರೆಗೆ ಬಂದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡ.

"ಆಸ್ಪತ್ರೆ ಹತ್ರ ಹೋಗ್ತೀಯಾ ಅವ್ವ?"

"ಹೋಗ್ತೀನಿ ಮಾವ. ಏನಾಗ್ಬೇಕಿತ್ತು?"

"ಮರೆವಿಗೆ ಮಾತ್ರೆ ಕೊಡ್ತಾರಂತಲ್ಲ. ನನಗೆ ಅಂತ ಹೇಳ್ಬ್ಯಾಡ. ಯಾರೋ ಮುದುಕರಿಗೆ ಅಂತ ಕೇಳು." ಅವನು ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಆಗದೇ ಇರೋದೆಲ್ಲ ಆಗಿತ್ತು ಅಂತ ತಲೇಲಿ ಕುಂತೈತೆ. ಬರದೇ ಇರೋ ಹಳ್ಳ ಬಂದಿತ್ತು ಅಂತೀನಿ. ಹಿಂಗೇ ಆದ್ರೆ ನಾಳೆ ನಿಮ್ಮನ್ನೇ ಗುರುತು ಹಿಡೀದಂಗಾಗ್ತೀನಿ."

ಮಾಲತಿ ಸಂತೆಗೆ ಹೋಗಲಿಲ್ಲ. ಚೀಲ ಹಿಡಿದುಕೊಂಡೇ ಒಳಗೆ ಬಂದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂರುವವರೆಗೆ ಕಾದಳು. ಸಾರು ಬಡಿಸಿ, ಸೌಟು ಕೆಳಗಿಟ್ಟು, ನಿಂತುಕೊಂಡೇ ಹೇಳಿದಳು. ಈರೇಶ್ ಕಣ್ಣಲ್ಲೇ ಬೇಡವೆಂದ. ಅವಳು ದಾಸಣ್ಣನ ಹೆಸರನ್ನೂ ಹೇಳಿದಳು, ಅವನ ಮೇಲೆ ತಪ್ಪು ಹೊರಿಸಲಿಲ್ಲ. ಆ ಸೊನ್ನೆಗಳು ಮಳೆ ಬರದ ದಿನಗಳಲ್ಲ, ಅಳೆಯದ ದಿನಗಳು. ನೋಡಿದ ಕೂಡಲೇ ಅನುಮಾನ ಬರಬೇಕಿತ್ತು, ನನಗೆ ಬರಲಿಲ್ಲ ಎಂದಳು.

ಮಾರುತೇಶ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿದ. "ಎಪ್ಪತ್ತೊಂದು ಅತ್ತಿಗೆ," ಎಂದ. ಕೈ ತೊಳೆದು ಹೊರಗೆ ಹೋದ.

"ಆ ದಾಸಣ್ಣನ್ನ ಒಂದು ಮಾತು ಕೇಳಾಕೆ ನಿಂಗೆ ಬಾಯಿರಲಿಲ್ವಾ?" ಎಂದಳು ಸೂರಮ್ಮ.

"ಕೇಳ್ಬೇಕಿತ್ತು ಅತ್ತೆ."

ಪಾತಣ್ಣ ಇವರಿಬ್ಬರ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಹಂಗಾದ್ರೆ ಆ ಹಳ್ಳ ಬಂದಿದ್ದು?"

"ಬಂದಿರ್ತೈತೆ ಮಾವ. ಪುಸ್ತಕದಾಗೆ ಇಲ್ಲ, ಅಷ್ಟೇ."

"ಚಿತ್ತೇಲೆ?"

"ಚಿತ್ತೇಲೆ."

ಅವನು ಎಡಗೈಯಿಂದ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡ. ತಿಂಗಳಿನಿಂದ ತಲೆ ಕೆಟ್ಟಿದೆ ಎಂದುಕೊಂಡು ಕೂತಿದ್ದೆ ಕಣವ್ವ ಎಂದ. ಮಾಲತಿಗೆ ಒಂದು ಕ್ಷಣ ಎದೆಯ ಭಾರ ಇಳಿದಂತಾಯಿತು. ಟವೆಲ್ ತೆಗೆದಾಗ ಅವನ ಮುಖ ಮೊದಲಿಗಿಂತ ಕಂದಿತ್ತು.

"ನಂಗೆ ಸರಿಯಾಗೇ ಗೊತ್ತಿತ್ತು ಅಂದಂಗಾಯ್ತು," ಎಂದ. "ಗೊತ್ತಿದ್ದೂ ಕತ್ತರಿ ಹಾಕಿಸ್ದೆ."

ಸೂರಮ್ಮ ಅವನ ತಟ್ಟೆಗೆ ಮತ್ತೆ ಸಾರು ಹಾಕಿದಳು. ಅದು ಆರಿಹೋಯಿತು.

ಮಾರುತೇಶ ಆ ವಾರವೇ ನಲವತ್ತೇಳು ಕುರಿಗಳನ್ನು ಚಿಕ್ಕಪ್ಪನ ಮಂದೆಗೆ ಸೇರಿಸಿಕೊಂಡು ಗಡಿಯಾಚೆಗೆ ಹೊರಟ. ಹೊರಡುವಾಗ ಅಣ್ಣನಿಗೆ, ಅವ್ವನಿಗೆ ಹೇಳಿ ಹೋದ. ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಜಗಲಿಯ ಮೇಲೇ ಉಳಿಯಿತು. ಐವತ್ತು ವರ್ಷದಲ್ಲಿ ಮೊದಲ ಸಲ ಪಾತಣ್ಣ ಮಂದೆಯ ಜೊತೆ ಹೋಗಲಿಲ್ಲ. ಖಾಲಿ ರೊಪ್ಪದಲ್ಲಿ ಜಾಲಿ ಮುಳ್ಳನ್ನು ಸರಿಪಡಿಸುತ್ತ ದಿನ ಕಳೆದ. ಸೂರಮ್ಮ ಮುದ್ದೆಯನ್ನು ತಾನೇ ತಿರುವತೊಡಗಿದಳು. ಸೊಸೆಯ ಕೈಗೆ ಕೋಲು ಕೊಡುತ್ತಿರಲಿಲ್ಲ. ಶಾಲೆಯ ಹಳೆಯ ರಿಜಿಸ್ಟರುಗಳಲ್ಲಿ ರಜೆಯ ಸೊನ್ನೆಗಳ ಪಕ್ಕ ಅಳೆದಿಲ್ಲ ಎಂದು ಬರೆಯಲು ಮಾಲತಿ ಅನುಮತಿ ಕೇಳಿದಳು. ಮೇಲಿನವರಿಗೆ ಕಳಿಸಿದ ದಾಖಲೆ ತಿದ್ದಲು ಬರುವುದಿಲ್ಲ ಎಂದರು ಮುಖ್ಯ ಶಿಕ್ಷಕರು.

ಆಗ ಅವಳು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡಳು. ಡಿಸೆಂಬರ್ ಕೊನೆಯ ಭಾನುವಾರ ಬೆಳಿಗ್ಗೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಮಾವನ ಪಕ್ಕ ಜಗಲಿಯಲ್ಲಿ ಕೂತು, ನೆನಪಿರುವ ಚಿತ್ತೆ ಮಳೆಗಳನ್ನೆಲ್ಲ ಹೇಳಲು ಕೇಳಿದಳು. ಇನ್ನು ಯಾರಿಗೆ ಬೇಕು ಅದೆಲ್ಲ ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ ತಾನೇ ಶುರು ಮಾಡಿದ. ವರ್ಷಗಳು ಅವನಿಗೆ ಅಂಕಿಯಲ್ಲಿ ಗೊತ್ತಿರಲಿಲ್ಲ. ಸೂರಮ್ಮನ ತಾಯಿ ತೀರಿಕೊಂಡ ವರ್ಷ ಎಂದ. ಅದು ಯಾವಾಗ ಎಂದು ಮಾಲತಿ ಕೇಳಿದಳು. ಒಳಗಿನಿಂದ ಸೂರಮ್ಮ, ಅದು 2012 ಎಂದಳು. ತಿಂಗಳ ಮೇಲೆ ಸೊಸೆಯ ಪ್ರಶ್ನೆಯೊಂದಕ್ಕೆ ಅವಳು ಕೊಟ್ಟ ಮೊದಲ ಉತ್ತರ.

"ಆ ವರ್ಷ ಚಿತ್ತೇಲಿ ಒಂದೇ ಮಳೆ," ಎಂದ ಪಾತಣ್ಣ. "ಮಣ್ಣಿಗೆ ಹೋಗಿ ಬಂದ ಮಾರನೆ ದಿನ ಹೊಲಕ್ಕೆ ಹೋಗಿ ನೆಲ ಬಗೆದು ಕೈ ಇಳಿಬಿಟ್ಟೆ. ಮೊಳಕೈ ತನಕ ತೇವ ಇತ್ತು."

ನೆಲದ ತೇವ ಮಳೆಯ ಅಳತೆಯಲ್ಲ ಎಂಬುದು ಮಾಲತಿಗೆ ಗೊತ್ತಿತ್ತು. ಮಣ್ಣಿನ ಬಗೆ, ಮೊದಲಿದ್ದ ಹಸಿ, ಮಳೆ ಬಿದ್ದ ವೇಗ, ಇವು ಯಾವುದೂ ತಿಳಿಯದೆ ಅದನ್ನು ಮಿಲಿಮೀಟರಿಗೆ ಇಳಿಸಲು ಬರುವುದಿಲ್ಲ. ಆದರೂ ಒಳಗೆ ಹೋಗಿ ಹೊಲಿಗೆ ಡಬ್ಬಿಯಿಂದ ಟೇಪು ತಂದಳು. ಪಾತಣ್ಣ ಏನೂ ಕೇಳದೆ ಅಂಗಿಯ ತೋಳು ಮಡಚಿ, ಬಲಗೈಯನ್ನು ಅವಳ ಮುಂದೆ ಚಾಚಿದ. ತೊಗಲು ಸಡಿಲಾಗಿತ್ತು, ಮಣಿಕಟ್ಟಿನ ಬಳಿ ಜಾಲಿ ಮುಳ್ಳಿನ ಹೊಸ ಗೀರುಗಳಿದ್ದವು. ಅವಳು ಟೇಪಿನ ಒಂದು ತುದಿಯನ್ನು ಅವನ ಮೊಳಕೈಗೆ ಒತ್ತಿ ಹಿಡಿದು, ಇನ್ನೊಂದನ್ನು ನಡುಬೆರಳಿನ ತುದಿಯವರೆಗೆ ಎಳೆದಳು. ಸೊಟ್ಟಗಿದೆಯೆಂದು ಇನ್ನೊಮ್ಮೆ ಎಳೆದಳು. ಆಮೇಲೆ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದಳು: 2012, ಅಕ್ಟೋಬರ್, ದಿನ ತಿಳಿದಿಲ್ಲ. ಮಳೆ ಅಳೆದಿಲ್ಲ. ತೇವದ ಆಳ ನಲವತ್ತನಾಲ್ಕು ಸೆಂಟಿಮೀಟರ್.